ದುಡಿದ ವರ್ಷಗಳು ಗಡಿ ದಾಟಬೇಕು: ಬೇಕಾದ ದೇಶದ ಪಿಂಚಣಿ ಆರಿಸುವ ವಿಚಾರ

ರಾಯಚೂರು ಜಿಲ್ಲೆಗೆ ಎರಡು ಹೊಳೆ, ಮೂರು ಸರ್ಕಾರ. ಶಕ್ತಿನಗರದ ಹತ್ತಿರ ಕೃಷ್ಣಾ ದಾಟಿದರೆ ತೆಲಂಗಾಣ. ಇತ್ತ ತುಂಗಭದ್ರೆ ದಾಟಿ ಮಂತ್ರಾಲಯದ ದಾರಿ ಹಿಡಿದರೆ ಆಂಧ್ರ. ಬೇರೆ ಆದಾಯವಿಲ್ಲದ 66 ವರ್ಷದ ಕೂಲಿಕಾರ ಮಹಿಳೆಯೊಬ್ಬಳು ಕರ್ನಾಟಕದ ದಡದಲ್ಲಿದ್ದರೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ. ತೆಲಂಗಾಣದ ಆಸರಾ ಯೋಜನೆ ನಿಗದಿ ಮಾಡಿದ್ದು 2,016. ಆಂಧ್ರದಲ್ಲಿ 2024ರ ಜುಲೈನಿಂದ 4,000. ಕರ್ನಾಟಕಕ್ಕೂ ಆಂಧ್ರಕ್ಕೂ ವರ್ಷಕ್ಕೆ 33,600 ರೂಪಾಯಿ ಅಂತರ. ಸಿರುಗುಪ್ಪದಲ್ಲಿರುವ ಅಕ್ಕನಿಗೂ ಆದೋನಿಗೆ ಮದುವೆಯಾಗಿ ಹೋದ ತಂಗಿಗೂ ನಡುವೆ ಇರುವುದು ಇದೇ ಅಂತರ. ಇಬ್ಬರೂ ವಯಸ್ಸಿನಲ್ಲಿ ಮಾಡಿದ್ದು ಒಂದೇ ಕೆಲಸ: ಹತ್ತಿ ಬಿಡಿಸುವುದು, ಭತ್ತ ನಾಟಿ ಮಾಡುವುದು.

ಹಾಗಾದರೆ ಯಾರಿಗೆ ಯಾವ ಸರ್ಕಾರದ ಪಿಂಚಣಿ ಬೇಕೋ ಅದನ್ನೇ ಆರಿಸಿಕೊಳ್ಳಲಿ ಬಿಡಿ ಎಂಬ ಮಾತು ಸಹಜವಾಗಿ ಬರುತ್ತದೆ. ಇದನ್ನೇ ದೇಶಗಳ ಮಟ್ಟಕ್ಕೆ ಏರಿಸಿದರೆ ಈಗ ಅಲ್ಲಲ್ಲಿ ಚರ್ಚೆಯಾಗುತ್ತಿರುವ ಪ್ರಸ್ತಾವ ಸಿಗುತ್ತದೆ: ಬಳ್ಳಾರಿಯಲ್ಲಿ ಕೂತೇ ಜರ್ಮನಿಯ, ಸ್ವೀಡನ್ನಿನ ಅಥವಾ ಸಿಂಗಪುರದ ಸರ್ಕಾರಿ ಪಿಂಚಣಿಗೆ ವಂತಿಗೆ ಕಟ್ಟುವ ಹಕ್ಕು. ವಿಚಾರ ಹಳೆಯದು. ಬೆಲ್ಜಿಯಂನ ಪಾಲ್ ಎಮಿಲ್ ದ ಪುಯ್ದ್ 1860ರಲ್ಲೇ, ಜನ ಊರು ಬಿಡದೆ ತಮಗೆ ಬೇಕಾದ ಸರ್ಕಾರಕ್ಕೆ ಸೇರಿಕೊಳ್ಳುವಂತಿರಬೇಕು ಎಂದು ಬರೆದಿದ್ದ. ನಮ್ಮ ಭಾಗದಲ್ಲಿ ಇದರ ತಿರುವುಮುರುವು ನಡೆದಿದೆ. ಬಳ್ಳಾರಿಯ ಜನ 1953ರ ಅಕ್ಟೋಬರ್ 1ರಂದು ಮದರಾಸು ರಾಜ್ಯದಿಂದ ಮೈಸೂರಿಗೆ ಬಂದರು. ರಾಯಚೂರು, ಕೊಪ್ಪಳದವರು 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಬಂದರು. ಯಾರೂ ಮನೆ ಬದಲಿಸಲಿಲ್ಲ, ಸರ್ಕಾರವೇ ಬದಲಾಯಿತು. ಆಗಲೂ ಹಳೆಯ ನೌಕರರ ಪಿಂಚಣಿ ಹೊಣೆಯನ್ನು ರಾಜ್ಯ ರಾಜ್ಯಗಳ ನಡುವೆ ಹಂಚಬೇಕಾಯಿತು.

ಈ ಬೇಡಿಕೆಯಲ್ಲಿ ನ್ಯಾಯವಾದ ಒಂದು ಪಾಲಿದೆ, ನಡೆಯದ ಒಂದು ಪಾಲಿದೆ. ಎರಡನ್ನೂ ಬೇರ್ಪಡಿಸದಿದ್ದರೆ ಚರ್ಚೆ ಮುಂದೆ ಹೋಗುವುದಿಲ್ಲ.

ಪಿಂಚಣಿ ಎಂಬ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಪದ್ಧತಿಗಳಿವೆ. ಮೊದಲನೆಯದು ಮಾಸಾಶನ. ಪಡೆಯುವವರು ವಂತಿಗೆ ಕಟ್ಟಿರುವುದಿಲ್ಲ, ಖಜಾನೆಯಿಂದ ಬರುತ್ತದೆ. ಇದರಲ್ಲಿ ಆಯ್ಕೆ ಎಂದರೆ ಕರ್ನೂಲಿನ ತೆರಿಗೆದಾರ ಸಿರುಗುಪ್ಪದ ಅಜ್ಜಿಗೆ ದುಡ್ಡು ಕೊಡಬೇಕು ಎಂದಂತೆ. ಆಂಧ್ರ ಅದಕ್ಕೆ ಒಪ್ಪಲಾರದು, ಒಪ್ಪಿದರೆ ಮರುವರ್ಷವೇ 4,000ವನ್ನು ಇಳಿಸಬೇಕಾಗುತ್ತದೆ. ಇಲ್ಲಿ ದೂರು ಸಲ್ಲಬೇಕಾದದ್ದು ಬೆಂಗಳೂರಿಗೆ: ಪಕ್ಕದ ರಾಜ್ಯ ಕೊಡಲು ಸಾಧ್ಯವಾದದ್ದರ ಮೂರನೇ ಒಂದು ಪಾಲೂ ನಾವು ಕೊಡುತ್ತಿಲ್ಲ.

ಎರಡನೆಯದು, ದುಡಿಯುವವರೆಲ್ಲ ಕಟ್ಟಿದ ಹಣ ಒಂದೇ ನಿಧಿಗೆ ಹೋಗಿ, ಸೂತ್ರದ ಪ್ರಕಾರ ಪಿಂಚಣಿಯಾಗಿ ಬರುವುದು. ಪಿಎಫ್ ಜೊತೆಗೇ ಬರುವ ನೌಕರರ ಪಿಂಚಣಿ ಯೋಜನೆ, ಅಂದರೆ ನಮ್ಮ ಇಪಿಎಸ್-95, ಈ ಜಾತಿಯದು. ಮಾಲೀಕ ಕಟ್ಟುವ ಶೇ 12ರಲ್ಲಿ ಶೇ 8.33 ಪಿಂಚಣಿ ನಿಧಿಗೆ ಹೋಗುತ್ತದೆ, ಕೇಂದ್ರ ಸರ್ಕಾರ ಶೇ 1.16 ಸೇರಿಸುತ್ತದೆ. ಲೆಕ್ಕಕ್ಕೆ ಹಿಡಿಯುವ ಪಗಾರದ ಮಿತಿ 2014ರ ಸೆಪ್ಟೆಂಬರಿನಿಂದ 15,000. ಆದ್ದರಿಂದ ಮಾಲೀಕನ ಕಡೆಯಿಂದ ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ ಈ ನಿಧಿಗೆ ಬೀಳುತ್ತದೆ. ಜರ್ಮನಿಯದೂ ಒಟ್ಟು ನಿಧಿಯ ಪದ್ಧತಿಯೇ. ಅಲ್ಲಿ ಪಗಾರದ ಶೇ 18.6 ವಂತಿಗೆ, ನೌಕರ ಮಾಲೀಕ ಅರ್ಧರ್ಧ. ಆದರೆ ಈ ತಿಂಗಳು ಬಂದ ವಂತಿಗೆ ಹೆಚ್ಚುಕಡಿಮೆ ಇದೇ ತಿಂಗಳು ಮುದುಕರಿಗೆ ಹಂಚಿಹೋಗುತ್ತದೆ.

ಮೂರನೆಯದು ಅವರವರ ಹೆಸರಿನ ಖಾತೆ. ಪಿಎಫ್ ಹಣ, ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ), ಸಿಂಗಪುರದ ಪಿಎಫ್ ಆದ ಸಿಪಿಎಫ್, ಚಿಲಿ ದೇಶದ ಖಾತೆಗಳು ಈ ಬಗೆಯವು. ಇಲ್ಲಿ ಕಟ್ಟಿದ್ದು, ಬೆಳೆದದ್ದು ನಿಮ್ಮದೇ. ಒಂದು ಖಾತೆಯಿಂದ ಇನ್ನೊಂದಕ್ಕೆ ಎತ್ತಿಡುವುದು ಲೆಕ್ಕದ ಮಟ್ಟಿಗೆ ಸುಲಭ.

ಆಯ್ಕೆಯ ಸ್ವಾತಂತ್ರ್ಯ ಮುರಿದುಬೀಳುವುದು ಎರಡನೆಯ ಪದ್ಧತಿಯಲ್ಲಿ. ಅದು ಹೇಗೆ ಎಂಬುದಕ್ಕೆ ಊಹೆ ಬೇಕಿಲ್ಲ, ಬ್ರಿಟನ್ ಕಣ್ಣೆದುರೇ ಇದೆ. ಅಲ್ಲಿ ಕೆಲ ಕಾಲ ಇದ್ದು ದುಡಿದು ಹೊರದೇಶಕ್ಕೆ ಹೋದವರು ಹೊರಗಿನಿಂದಲೇ ಸ್ವಯಂ ವಂತಿಗೆ ಕಟ್ಟಿ ಬ್ರಿಟನ್ನಿನ ಸರ್ಕಾರಿ ಪಿಂಚಣಿಗೆ ವರ್ಷಗಳನ್ನು ಸೇರಿಸಿಕೊಳ್ಳಬಹುದಿತ್ತು. ಸತತ ಮೂರು ವರ್ಷದ ವಾಸ ಅಥವಾ ಮೂರು ವರ್ಷದ ವಂತಿಗೆ ಇದ್ದರೆ ಸಾಕಿತ್ತು. ಹೊರಗೆ ಕೆಲಸದಲ್ಲಿರುವವರಿಗೆ ಅಗ್ಗದ ದರವೂ ಇತ್ತು. 2025-26ರಲ್ಲಿ ಅದು ವಾರಕ್ಕೆ 3.50 ಪೌಂಡ್, ಅಂದರೆ ವರ್ಷಕ್ಕೆ 182 ಪೌಂಡ್. ಆ ವರ್ಷ ಪೂರ್ಣ ಪಿಂಚಣಿ ವಾರಕ್ಕೆ 230.25 ಪೌಂಡ್, ಅದಕ್ಕೆ 35 ವರ್ಷ ಬೇಕು. ಹಾಗಾಗಿ ಒಂದು ವರ್ಷ ಕೊಂಡರೆ ವಾರಕ್ಕೆ 6.58 ಪೌಂಡ್, ವರ್ಷಕ್ಕೆ ಸುಮಾರು 342 ಪೌಂಡ್, ಬದುಕಿರುವ ತನಕ. 182 ಕಟ್ಟಿದ್ದು ಪಿಂಚಣಿ ಶುರುವಾದ ಏಳು ತಿಂಗಳೊಳಗೆ ವಾಪಸ್. ಇಂಥ ಬೆಲೆಗೆ ಯಾರು ಕೊಳ್ಳುತ್ತಾರೆ? ಲೆಕ್ಕ ಗೊತ್ತಿದ್ದವರು, ಮನೆತನದಲ್ಲಿ ದೀರ್ಘಾಯುಷ್ಯ ಇದ್ದವರು. ಕಡೆಗೆ 2025ರ ನವೆಂಬರಿನ ಬಜೆಟ್ಟಿನಲ್ಲಿ ಬ್ರಿಟನ್ ಸರ್ಕಾರ ಈ ಅಗ್ಗದ ದಾರಿಯನ್ನು 2026ರ ಏಪ್ರಿಲ್‌ನಿಂದ ಮುಚ್ಚುವುದಾಗಿ ತೀರ್ಮಾನಿಸಿತು. ಉಳಿದ ದುಬಾರಿ ದರಕ್ಕೂ ಮೂರು ವರ್ಷದ ಷರತ್ತನ್ನು ಹತ್ತಕ್ಕೆ ಏರಿಸಿತು. ಆ ದರ 2025-26ರಲ್ಲಿ ವಾರಕ್ಕೆ 17.75 ಪೌಂಡ್. ಅದರಲ್ಲೂ ಕಟ್ಟಿದ ಹಣ ಮೂರು ವರ್ಷದೊಳಗೆ ಮರಳುತ್ತಿತ್ತು.

ಸರ್ಕಾರಿ ಪಿಂಚಣಿಯನ್ನು ಹೊರಗಿನವರಿಗೆ ತೆರೆದರೆ ಏನಾಗುತ್ತದೆ ಎಂಬುದರ ಸಣ್ಣ ರೂಪ ಇದು. ಸೂತ್ರ ಉದಾರವಾಗಿದ್ದಲ್ಲಿಗೆ ಜನ ನುಗ್ಗುತ್ತಾರೆ, ಸೂತ್ರ ಬಿಗಿಯಾಗುತ್ತದೆ, ಅಥವಾ ಬಾಗಿಲು ಮುಚ್ಚುತ್ತದೆ. ಅತ್ತ ಸೂತ್ರ ಬಿಗಿಯಿದ್ದ ದೇಶದಿಂದ ಹೆಚ್ಚು ಪಗಾರದ ಎಳೆಯರು ಹೊರನಡೆಯುತ್ತಾರೆ. ಅಲ್ಲಿ ಉಳಿಯುವವರು ಕಡಿಮೆ ಪಗಾರದವರು, ವಯಸ್ಸಾದವರು, ಕಾಯಿಲೆಯವರು. ಅವರ ಪಿಂಚಣಿ ಯಾರು ಕಟ್ಟಬೇಕು? ಇಪಿಎಸ್‌ನಲ್ಲೇ ನೋಡಿ. ಸೂತ್ರದ ಪ್ರಕಾರ 600 ರೂಪಾಯಿ ಬರಬೇಕಾದ ವಿಧವೆಗೂ ಕನಿಷ್ಠ 1,000 ಕೊಡುವುದು, ಮನೆಯ ದುಡಿಯುವವ ಸತ್ತರೆ ಹೆಂಡತಿ ಮಕ್ಕಳಿಗೆ ಪಿಂಚಣಿ ಹೋಗುವುದು, ಇವೆಲ್ಲ ಉಳಿಯುವುದು ಎಲ್ಲರೂ ಒಂದೇ ನಿಧಿಯಲ್ಲಿದ್ದಾಗ ಮಾತ್ರ. ಆ 1,000 ತೀರಾ ಕಡಿಮೆ. 2014ರಿಂದ ಅದು ಮೇಲೇರಿಲ್ಲ. ಕನಿಷ್ಠ 7,500 ಮಾಡಿ ಎಂದು ಇಪಿಎಸ್ ಪಿಂಚಣಿದಾರರು ವರ್ಷಗಳಿಂದ ಕೇಳುತ್ತಿದ್ದಾರೆ, ಆ ಕೇಳಿಕೆ ನ್ಯಾಯವಾದದ್ದು. ಆದರೆ ಅದಕ್ಕೆ ಉತ್ತರ ಇದೇ ನಿಧಿಯನ್ನು ಗಟ್ಟಿ ಮಾಡುವುದರಲ್ಲಿದೆ. ಅನುಕೂಲವಿದ್ದವರು ಬೇರೆ ದೇಶದ ನಿಧಿಗೆ ಹಾರಿದರೆ ಹಿಂದುಳಿದವರ 1,000ಕ್ಕೂ ಕುತ್ತು.

ಇದಲ್ಲದೆ ಕೈಗೆ ಬರುವ ಹೊತ್ತಿಗೆ ಕಾಡುವ ತೊಡಕುಗಳಿವೆ. ಬ್ರಿಟನ್ನಿನ ಪಿಂಚಣಿ ಪಡೆಯುವವರು ಭಾರತದಲ್ಲಿ ವಾಸವಿದ್ದರೆ ಅವರ ಮೊತ್ತ ಮೊದಲ ಕಂತಿನಲ್ಲಿ ಇದ್ದಷ್ಟೇ ಉಳಿದುಬಿಡುತ್ತದೆ. ಅಲ್ಲಿನವರಿಗೆ ಪ್ರತಿ ವರ್ಷ ಸಿಗುವ ಏರಿಕೆ ಇಲ್ಲಿಗೆ ಬರುವುದಿಲ್ಲ. ಇನ್ನು ದೇಶವೇ ನಿಯಮ ಬದಲಿಸಿದರೆ? ಅರ್ಜೆಂಟೀನಾ 2008ರಲ್ಲಿ ಖಾಸಗಿ ಪಿಂಚಣಿ ಖಾತೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿತು, ಹಂಗೇರಿ 2010ರ ಕೊನೆಯಲ್ಲಿ ಅದೇ ದಾರಿ ಹಿಡಿಯಿತು. ಆ ದೇಶದ ಪ್ರಜೆಗಳಿಗಾದರೆ ಓಟು ಇದೆ, ಬೀದಿಗಿಳಿಯಬಹುದು. ಗಂಗಾವತಿಯಲ್ಲಿ ಕೂತು ವಂತಿಗೆ ಕಟ್ಟಿದವರ ಕೈಯಲ್ಲಿ ಅಲ್ಲಿನ ಓಟಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಪ್ರಸ್ತಾವದ ಅತಿ ದೊಡ್ಡ ಕೊರತೆ ಇದೇ.

ಖಾತೆ ಪದ್ಧತಿಯಲ್ಲೂ ಆಯ್ಕೆ ಅಷ್ಟು ಸಲೀಸಲ್ಲ. 1988ರಲ್ಲಿ ಬ್ರಿಟನ್ ತನ್ನ ನೌಕರರಿಗೆ ಕಂಪನಿ ಪಿಂಚಣಿ ಬಿಟ್ಟು ಸ್ವಂತ ಪಿಂಚಣಿ ಖಾತೆ ತೆರೆಯಲು ಬಿಟ್ಟಿತು. ಕಮಿಷನ್ ಏಜೆಂಟರು ಗಣಿ ಕಾರ್ಮಿಕರನ್ನೂ ನರ್ಸುಗಳನ್ನೂ ಒಳ್ಳೆಯ ಪಿಂಚಣಿಯಿಂದ ಹೊರಗೆ ಎಳೆದರು. ಮುಂದೆ ಪರಿಹಾರವಾಗಿ ಕಂಪನಿಗಳು ಕಟ್ಟಿಕೊಟ್ಟದ್ದು ಸುಮಾರು 1,200 ಕೋಟಿ ಪೌಂಡ್. ಸ್ವೀಡನ್ 2000ದಲ್ಲಿ ಪಗಾರದ ಶೇ 18.5 ವಂತಿಗೆಯಲ್ಲಿ ಶೇ 2.5 ಪಾಲನ್ನು ಜನರ ಆಯ್ಕೆಗೆ ಬಿಟ್ಟು 450ಕ್ಕೂ ಹೆಚ್ಚು ಫಂಡುಗಳನ್ನು ಮುಂದಿಟ್ಟಿತು. ಆ ವರ್ಷ ಪ್ರಚಾರದ ಭರಾಟೆಯಲ್ಲಿ ಮೂರರಲ್ಲಿ ಎರಡು ಪಾಲು ಜನ ತಾವೇ ಆರಿಸಿದರು. ನಂತರ ಹೊಸದಾಗಿ ಸೇರಿದವರಲ್ಲಿ ಬಹುಪಾಲು ಮಂದಿ ಆರಿಸುವ ಗೋಜಿಗೇ ಹೋಗಲಿಲ್ಲ, ಸರ್ಕಾರದ ಫಂಡಿನಲ್ಲೇ ಉಳಿದರು. ಕೆಲವು ಫಂಡುಗಳ ವಂಚನೆ ಬಯಲಾದ ಮೇಲೆ ನಿಯಮ ಬಿಗಿಯಾಯಿತು. ನಮ್ಮಲ್ಲೇ 2025ರಲ್ಲಿ ಕೇಂದ್ರ ನೌಕರರಿಗೆ ಎನ್‌ಪಿಎಸ್, ಯುಪಿಎಸ್ (ಖಚಿತ ಮೊತ್ತದ ಹೊಸ ಪಿಂಚಣಿ) ಎರಡರಲ್ಲಿ ಒಂದನ್ನು ಆರಿಸಿ ಎಂದಾಗ ಜೂನ್ 30ರ ಗಡುವು ಸೆಪ್ಟೆಂಬರ್ 30ಕ್ಕೆ ಹೋಗಿ, ಅಲ್ಲಿಂದ ನವೆಂಬರ್ 30ಕ್ಕೆ ಹೋಯಿತು. ಓದು ಬರಹ ಬಲ್ಲ, ಪಗಾರ ಖಚಿತವಿರುವ ನೌಕರರಿಗೇ ಎರಡರಲ್ಲಿ ಒಂದು ಇಷ್ಟು ಕಷ್ಟ.

ಹಾಗಾದರೆ ನ್ಯಾಯವಾದ ಪಾಲು ಯಾವುದು? ದುಡಿದ ವರ್ಷ ಯಾವ ದೇಶದ್ದೇ ಆಗಲಿ, ಗಡಿ ದಾಟಿದ್ದಕ್ಕೆ ಅದು ಸುಟ್ಟುಹೋಗಬಾರದು ಎಂಬುದು. ಯುರೋಪಿನ ದೇಶಗಳು 1959ರಿಂದಲೂ ನಡೆಸಿಕೊಂಡು ಬಂದದ್ದು ಇದನ್ನೇ. ಅಲ್ಲಿ ಪಿಂಚಣಿ ಪದ್ಧತಿಯನ್ನು ಆರಿಸುವ ಹಕ್ಕು ಇಲ್ಲ. ಒಂದು ಹೊತ್ತಿಗೆ ಒಂದೇ ದೇಶದ ಕಾನೂನು, ಸಾಮಾನ್ಯವಾಗಿ ದುಡಿಯುವ ದೇಶದ್ದು. ಆದರೆ ಅರ್ಹತೆ ನೋಡುವಾಗ ಎಲ್ಲ ದೇಶಗಳ ವರ್ಷಗಳನ್ನು ಕೂಡಿಸುತ್ತಾರೆ, ಹಣ ಕೊಡುವಾಗ ಪ್ರತಿ ದೇಶ ತನ್ನ ವರ್ಷಗಳಿಗೆ ಮಾತ್ರ ಕೊಡುತ್ತದೆ. ಕೂಡಿಸಿ ನೋಡು, ಪಾಲು ಹಾಕಿ ಕೊಡು: ಇಷ್ಟೇ ಸೂತ್ರ.

ಭಾರತ ಈ ಬಗೆಯ ಸಾಮಾಜಿಕ ಭದ್ರತಾ ಒಪ್ಪಂದವನ್ನು ಮೊದಲು ಬೆಲ್ಜಿಯಂ ಜೊತೆ ಮಾಡಿಕೊಂಡಿತು, ಅದು 2009ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಕೆನಡಾ, ಆಸ್ಟ್ರೇಲಿಯಾ, ಜಪಾನ್, ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್ ಮೊದಲಾದವು ನಂತರ ಸೇರಿದವು. ಜರ್ಮನಿಯ ಈಗಿನ ಒಪ್ಪಂದ 2017ರ ಮೇ 1ರಿಂದ ನಡೆಯುತ್ತಿದೆ.

ಅದು ಕೈಯಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ಒಂದು ಲೆಕ್ಕ ಹಾಕಿ ನೋಡೋಣ. ರಾಯಚೂರಿನ ಆಸ್ಪತ್ರೆಯಲ್ಲಿ ಇಪಿಎಸ್ ಸದಸ್ಯೆಯಾಗಿ 36 ತಿಂಗಳು ದುಡಿದ ನರ್ಸ್ ಒಬ್ಬರು ಜರ್ಮನಿಗೆ ಹೋಗಿ 48 ತಿಂಗಳು ಅಲ್ಲಿನ ಸರಾಸರಿ ವೇತನ ಪಡೆದರು ಎನ್ನಿ. ಜರ್ಮನಿಯ ಪಿಂಚಣಿಗೆ ಕನಿಷ್ಠ 60 ತಿಂಗಳು ಬೇಕು. ಒಂಟಿಯಾಗಿ 48 ಸಾಲದು. ಒಪ್ಪಂದದಿಂದ 36 ಕೂಡಿ 84 ಆಗುತ್ತದೆ, ಅರ್ಹತೆ ದಕ್ಕುತ್ತದೆ. ಅಲ್ಲಿ ಸರಾಸರಿ ವೇತನದ ಒಂದು ವರ್ಷಕ್ಕೆ ಒಂದು ಅಂಕ. 2025ರ ಜುಲೈನಲ್ಲಿ ಅಂಕದ ಬೆಲೆ ತಿಂಗಳಿಗೆ 40.79 ಯೂರೋ ಇತ್ತು. ಆ ಬೆಲೆಯಲ್ಲಿ ನಾಲ್ಕು ಅಂಕಕ್ಕೆ 163.16 ಯೂರೋ, ಪಿಂಚಣಿ ವಯಸ್ಸಿನಿಂದ ತಿಂಗಳು ತಿಂಗಳು. ಆಕೆ ಊರಿಗೆ ಮರಳಿ ಇನ್ನೂ ಮೂರು ವರ್ಷ ಇಲ್ಲಿ ದುಡಿದರೆ ಇಪಿಎಸ್ ಕೇಳುವ ಹತ್ತು ವರ್ಷವೂ ಕೂಡಿಬರುತ್ತದೆ. ಭಾರತ ತನ್ನ ಆರು ವರ್ಷಕ್ಕೆ ಮಾತ್ರ ಕೊಡುತ್ತದೆ: ಸರಾಸರಿ ಪಗಾರ 15,000 ಎಂದಾದರೆ 15,000 ಗುಣಿಸು 6, ಭಾಗಿಸು 70, ಅಂದರೆ ಸುಮಾರು 1,286 ರೂಪಾಯಿ.

ಈ ಲೆಕ್ಕ ಕೆಡುವುದು ಎರಡು ಕಡೆ. ಇಲ್ಲಿನ ಕೆಲಸ ಬಿಟ್ಟ ಮೇಲೆ ಖರ್ಚಿಗಾಗಲಿ ಎಂದು ನಮೂನೆ 10ಸಿ ತುಂಬಿ ಪಿಂಚಣಿ ಪಾಲಿನ ಹಣವನ್ನೂ ಎತ್ತಿದರೆ ಆ 36 ತಿಂಗಳು ಅಳಿಸಿಹೋಗುತ್ತವೆ. ಅದೇ 10ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದರೆ ಸೇವೆ ಉಳಿಯುತ್ತದೆ. ಇನ್ನೊಂದು, ಜರ್ಮನಿ ಬಿಟ್ಟು 24 ತಿಂಗಳಾದ ಮೇಲೆ ಅಲ್ಲಿ ಕಟ್ಟಿದ ತನ್ನ ಪಾಲನ್ನು ವಾಪಸ್ ಕೇಳುವುದು. ಬರುವುದು ನೌಕರರ ಅರ್ಧ ಪಾಲು ಮಾತ್ರ, ಮಾಲೀಕರ ಅರ್ಧ ಅಲ್ಲೇ ಉಳಿಯುತ್ತದೆ, ಆ ವರ್ಷಗಳ ಹಕ್ಕೂ ಹೋಗುತ್ತದೆ. ಇನ್ನೂ ಒಂದು ಮಾತು ನೆನಪಿರಲಿ. 2014ರ ಸೆಪ್ಟೆಂಬರಿನ ನಂತರ ಮೊದಲ ಬಾರಿ ಕೆಲಸಕ್ಕೆ ಸೇರಿದವರ ಮೂಲ ವೇತನ, ತುಟ್ಟಿಭತ್ಯೆ ಸೇರಿ ಆಗಲೇ 15,000 ದಾಟಿದ್ದರೆ ಅವರು ಇಪಿಎಸ್ ಸದಸ್ಯರೇ ಆಗುವುದಿಲ್ಲ. ಪಿಎಫ್ ಪಾಸ್‌ಬುಕ್ಕಿನ ಪಿಂಚಣಿ ಕಾಲಂನಲ್ಲಿ ಸೊನ್ನೆ ಇದ್ದರೆ ಕೂಡಿಸಲು ಇಲ್ಲಿನ ವರ್ಷಗಳೇ ಇಲ್ಲ.

ಇಲ್ಲಿನ ಕಂಪನಿಯೇ ಹೊರಗೆ ಕಳಿಸಿದ್ದರೆ ದಾರಿ ಬೇರೆ. ಪಿಎಫ್ ಕಚೇರಿಯಿಂದ ಕವರೇಜ್ ಪ್ರಮಾಣಪತ್ರ (ಇಲ್ಲಿನ ಪದ್ಧತಿಯಲ್ಲೇ ಇದ್ದಾರೆ ಎಂಬ ಪತ್ರ) ಪಡೆದು ಅಲ್ಲಿ ತೋರಿಸಿದರೆ ಆ ದೇಶದ ವಂತಿಗೆ ಕಟ್ಟಬೇಕಿಲ್ಲ, ಜರ್ಮನಿಗಾದರೆ 48 ತಿಂಗಳವರೆಗೆ. ಪದ್ಧತಿಯನ್ನು ಆರಿಸುವ ಹಕ್ಕಿಗೆ ಈಗ ಇರುವ ಅತಿ ಹತ್ತಿರದ ದಾರಿ ಇದು, ಆದರೆ ಆರಿಸುವವರು ಕಂಪನಿಯವರು. ಹೊರಡುವ ಮುಂಚೆಯೇ ಪತ್ರ ಕೈಯಲ್ಲಿರಬೇಕು. ಅಲ್ಲಿ ಒಂದೆರಡು ತಿಂಗಳು ವಂತಿಗೆ ಕಡಿತವಾದ ಮೇಲೆ ಹಿಂದಕ್ಕೆ ಪಡೆಯುವುದು ತಿಂಗಳುಗಟ್ಟಲೆ ಪತ್ರವ್ಯವಹಾರದ ಕೆಲಸ.

ಅಮೆರಿಕದ ಜೊತೆ ಭಾರತಕ್ಕೆ ಒಪ್ಪಂದವಿಲ್ಲ. ಅಲ್ಲಿ ಪಗಾರದ ಶೇ 12.4, ಅರ್ಧ ನೌಕರ ಅರ್ಧ ಮಾಲೀಕ, ಸಾಮಾಜಿಕ ಭದ್ರತೆಗೆ ಹೋಗುತ್ತದೆ. ನಿವೃತ್ತಿ ಪಿಂಚಣಿಗೆ 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷ ಬೇಕು. ಆರು ವರ್ಷಕ್ಕೆ ವೀಸಾ ಮುಗಿಸಿ ಬಂದವರ ವಂತಿಗೆ ಅಲ್ಲೇ ಉಳಿಯುತ್ತದೆ. ನಮ್ಮವರ ದುಡಿಮೆ ಇನ್ನೊಂದು ಶ್ರೀಮಂತ ದೇಶದ ಮುದುಕರನ್ನು ಸಾಕುತ್ತಿದೆ, ತಿರುಗಿ ಏನೂ ಬರುತ್ತಿಲ್ಲ. ಪಿಂಚಣಿ ಸ್ವಾತಂತ್ರ್ಯದ ಮಾತಾಡುವವರು ಮೊದಲು ಹಿಡಿಯಬೇಕಾದ ಪ್ರಶ್ನೆ ಇದು.

ಕೊಲ್ಲಿ ದೇಶಗಳದು ಮತ್ತೊಂದು ಬಗೆ. ಆರು ಕೊಲ್ಲಿ ದೇಶಗಳ ಪ್ರಜೆ ಇನ್ನೊಂದು ಕೊಲ್ಲಿ ದೇಶದಲ್ಲಿ ದುಡಿದರೂ ತನ್ನ ದೇಶದ ಪಿಂಚಣಿಯಲ್ಲೇ ಇರುತ್ತಾನೆ, ವಂತಿಗೆ ಅಲ್ಲಿಗೇ ಹೋಗುತ್ತದೆ. ಅದೇ ಊರಲ್ಲಿ ದುಡಿಯುವ ನಮ್ಮ ಡ್ರೈವರನಿಗೆ ಪಿಂಚಣಿಯೇ ಇಲ್ಲ, ಗ್ರಾಚ್ಯುಟಿ ಮಾತ್ರ. ಯುಎಇ ಲೆಕ್ಕದಲ್ಲಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಮೂಲ ವೇತನ, ಮುಂದೆ 30 ದಿನದ್ದು. ಮೂಲ ವೇತನ 2,000 ದಿರ್ಹಮ್ ಇದ್ದವ ಎಂಟು ವರ್ಷಕ್ಕೆ ಬಿಟ್ಟರೆ 195 ದಿನದ್ದು, 13,000 ದಿರ್ಹಮ್. ಒಪ್ಪಂದ ಪತ್ರದಲ್ಲಿ ಮೂಲ ವೇತನ ಕಡಿಮೆ, ಭತ್ಯೆ ಹೆಚ್ಚು ಬರೆದಿದ್ದರೆ ಇದೂ ಸೊರಗುತ್ತದೆ. ಸಹಿ ಹಾಕುವ ಮುನ್ನ ನೋಡಬೇಕಾದ ಸಾಲು ಅದೇ.

ಇಷ್ಟೆಲ್ಲ ದೇಶ ವಿದೇಶದ ಮಾತಾಡಿ ತೋರಣಗಲ್ಲು, ಗಿಣಿಗೇರಿಯ ಉಕ್ಕಿನ ಕಾರ್ಖಾನೆಗಳ ಗೇಟಿಗೆ ಬಂದರೆ ಅದೇ ಕಾಯಿಲೆ ಸಣ್ಣ ರೂಪದಲ್ಲಿ ಕಾಣುತ್ತದೆ. ಗುತ್ತಿಗೆ ಕಾರ್ಮಿಕ ಅದೇ ಗೇಟಿನೊಳಗೆ, ಅದೇ ಕುಲುಮೆಯ ಬಳಿ ವರ್ಷಗಟ್ಟಲೆ ದುಡಿಯುತ್ತಾನೆ, ಗುತ್ತಿಗೆದಾರ ಮಾತ್ರ ಬದಲಾಗುತ್ತಿರುತ್ತಾನೆ. ಪ್ರತಿ ಸಲ ಹೊಸ ಸದಸ್ಯ ಸಂಖ್ಯೆ. ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ, ಒಂದೇ ಇರಬೇಕು, ಆದರೆ ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್ ದಾಖಲೆಯಲ್ಲಿ ಇನ್ನೊಂದು ಕಾಗುಣಿತವಾದರೆ ಎರಡನೆಯ ಯುಎಎನ್ ಹುಟ್ಟಿಕೊಂಡಿರುತ್ತದೆ. ಹಳೆಯ ಗುತ್ತಿಗೆದಾರ ಕೆಲಸ ಬಿಟ್ಟ ದಿನಾಂಕ ನಮೂದಿಸದೆ ಹೋಗಿರುತ್ತಾನೆ. ಹಿಂದಿನ ಸೇವೆ ಹೊಸದಕ್ಕೆ ಸೇರದಿದ್ದರೆ ಹನ್ನೆರಡು ವರ್ಷದ ದುಡಿಮೆ ನಾಲ್ಕು, ಮೂರು, ಐದು ಎಂದು ತುಂಡಾಗಿ ಬಿದ್ದಿರುತ್ತದೆ. ಪ್ರತಿ ತುಂಡನ್ನೂ 10ಸಿಯಲ್ಲಿ ಎತ್ತಿಕೊಂಡರೆ ಸಿಗುವುದು ವರ್ಷಕ್ಕೆ ಹೆಚ್ಚುಕಡಿಮೆ ಒಂದು ತಿಂಗಳ ಪಗಾರದಷ್ಟು. ಕೂಡಿಸಿಕೊಂಡರೆ 15,000ದ ಲೆಕ್ಕದಲ್ಲಿ 58ಕ್ಕೆ ತಿಂಗಳಿಗೆ 2,571, ಆಮೇಲೆ ಹೆಂಡತಿಗೆ ವಿಧವಾ ಪಿಂಚಣಿ.

ಸರಿಪಡಿಸುವುದಕ್ಕೆ ಕ್ರಮವಿದೆ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಕಾರ್ಮಿಕನೇ ಪಿಎಫ್ ಪೋರ್ಟಲ್‌ನಲ್ಲಿ ಬಿಟ್ಟ ದಿನಾಂಕ ಹಾಕಬಹುದು. ಹೆಸರು, ಹುಟ್ಟಿದ ದಿನಾಂಕದ ತಪ್ಪಿಗೆ ಜಂಟಿ ಘೋಷಣೆ ಸಲ್ಲಿಸಬೇಕು. ಅದು ಒಪ್ಪಿತವಾದ ಮೇಲೆಯೇ ವರ್ಗಾವಣೆಗೆ ನಮೂನೆ 13. ಕ್ರಮ ತಪ್ಪಿ ಮೊದಲು 13 ಹಾಕಿದರೆ ತಿರಸ್ಕಾರವಾಗಬಹುದು. ಒಟ್ಟು ಸೇವೆ ಒಂಬತ್ತು ವರ್ಷ ಆರು ತಿಂಗಳು ಆಗಿದ್ದರೆ ಹತ್ತು ಎಂದೇ ಎಣಿಸುತ್ತಾರೆ. ಎಂಟೂವರೆ, ಒಂಬತ್ತರ ಹತ್ತಿರ ಇರುವವರು ಹಣ ಎತ್ತುವ ಮುನ್ನ ಇದನ್ನು ತಿಳಿದಿರಬೇಕು.

ಪಿಎಫ್ ಇಲ್ಲದೆ ಗುಳೆ ಹೋಗುವವರ ಪಾಡು ಇನ್ನೂ ಕಷ್ಟ. ದೇವದುರ್ಗ, ಲಿಂಗಸುಗೂರು, ಕುಷ್ಟಗಿಯಿಂದ ಬೆಂಗಳೂರು, ಪುಣೆ, ಗೋವಾಕ್ಕೆ ಹೋದ ಕಟ್ಟಡ ಕಾರ್ಮಿಕರಿಗಾಗಿ 1996ರ ಕಾನೂನಿನಿಂದ ಶುರುವಾದ ಸೆಸ್ ವಸೂಲಾಗುತ್ತದೆ. ಆದರೆ ಕಲ್ಯಾಣ ಮಂಡಳಿ ಪ್ರತಿ ರಾಜ್ಯಕ್ಕೂ ಬೇರೆ. ಕರ್ನಾಟಕದಲ್ಲಿ ನೋಂದಾಯಿಸಿದವ ಪುಣೆಯಲ್ಲಿ ಇಟ್ಟಿಗೆ ಹೊತ್ತರೆ ಸೆಸ್ ಮಹಾರಾಷ್ಟ್ರಕ್ಕೆ, ಪಿಂಚಣಿ ಕೇಳಬೇಕಾದದ್ದು ಕರ್ನಾಟಕದಲ್ಲಿ, ಕೆಲಸದ ಪ್ರಮಾಣಪತ್ರ ಕೊಡಬೇಕಾದವ ಮತ್ತೆ ಪುಣೆಯ ಮೇಸ್ತ್ರಿ. ಯುರೋಪಿನ ದೇಶಗಳು ತಮ್ಮ ತಮ್ಮಲ್ಲಿ ಮಾಡಿಕೊಂಡ ಕೂಡಿಸಿ ಪಾಲು ಹಾಕುವ ಏರ್ಪಾಡನ್ನು ಒಂದೇ ದೇಶದ ಮಂಡಳಿಗಳು ಮಾಡಿಕೊಳ್ಳಲು ಅಡ್ಡಿಯೇನು? ಕಾರ್ಮಿಕ ಸಂಘಗಳು ಪಟ್ಟು ಹಿಡಿಯಬೇಕಾದ ಜಾಗ ಇದೇ.

ಅಲ್ಲಿಯವರೆಗೆ ರಾಜ್ಯದ ಗಡಿ ಅಡ್ಡಬಾರದ ದಾರಿ ಅಟಲ್ ಪಿಂಚಣಿ ಯೋಜನೆ. 18ರಿಂದ 40ರೊಳಗಿನವರು, ಆದಾಯ ತೆರಿಗೆ ಕಟ್ಟದವರು ಬ್ಯಾಂಕ್ ಖಾತೆಯಿಂದ ಸೇರಬಹುದು. 60ರ ನಂತರ ತಿಂಗಳಿಗೆ 5,000 ಬೇಕಾದರೆ 18ಕ್ಕೆ ಸೇರಿದವರಿಗೆ ತಿಂಗಳ ಕಂತು 210, 40ಕ್ಕೆ ಸೇರಿದವರಿಗೆ 1,454. ಕಂತು ತಾನಾಗಿ ಕಡಿತವಾಗುತ್ತದೆ, ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ದಂಡ ಬೀಳುತ್ತದೆ. ಬೇಸಿಗೆಯಲ್ಲಿ ಕೈ ಬರಿದಾಗುವ ಮನೆಗಳಲ್ಲಿ ಖಾತೆ ನಿಂತುಹೋಗುವುದು ಹೀಗೆ. ಕಂತನ್ನು ತಿಂಗಳಿಗೇ ಕಟ್ಟಬೇಕೆಂದಿಲ್ಲ, ಮೂರು ತಿಂಗಳಿಗೆ ಅಥವಾ ಆರು ತಿಂಗಳಿಗೆ ಒಮ್ಮೆ ಎಂದು ಬ್ಯಾಂಕಿನಲ್ಲಿ ಬರೆಸಬಹುದು. ಗುಳೆಯ ದುಡ್ಡು ಕೈಗೆ ಬರುವ ತಿಂಗಳಿಗೋ, ಭತ್ತ ಮಾರಿದ ತಿಂಗಳಿಗೋ ಕಡಿತ ಬೀಳುವಂತೆ ಸೇರುವ ದಿನವೇ ಗೊತ್ತು ಮಾಡಿಕೊಂಡರೆ ದಂಡ ತಪ್ಪುತ್ತದೆ, ಖಾತೆಯೂ ಉಳಿಯುತ್ತದೆ.